ಬಾಗಿಲು ಮುಚ್ಚಿದೆ ಎನ್ನಲು ಒಪ್ಪದ ಪ್ರಾಧ್ಯಾಪಕ: 1853ರ ಮಾರಿಸ್ ಪ್ರಕರಣ

1853ರ ಅಕ್ಟೋಬರ್ 27ರಂದು ಲಂಡನ್ನಿನ ಕಿಂಗ್ಸ್ ಕಾಲೇಜಿನ ಆಡಳಿತ ಮಂಡಳಿ ಸಭೆ ಸೇರಿತು. ಚರ್ಚೆಗೆ ಇದ್ದದ್ದು ಒಂದು ಪುಸ್ತಕದ ಕೊನೆಯ ಪ್ರಬಂಧ. ಬರೆದವರು ಅದೇ ಕಾಲೇಜಿನ ದೇವತಾಶಾಸ್ತ್ರದ ಪ್ರಾಧ್ಯಾಪಕ ಫ್ರೆಡರಿಕ್ ಡೆನಿಸನ್ ಮಾರಿಸ್. ಆ ಸಭೆಯ ನಿರ್ಣಯದಿಂದ ಅವರ ಕೆಲಸ ಹೋಯಿತು. ದೇವತಾಶಾಸ್ತ್ರದ ಪೀಠ ಮಾತ್ರ ಅಲ್ಲ, ಇಂಗ್ಲಿಷ್ ಸಾಹಿತ್ಯ ಮತ್ತು ಇತಿಹಾಸದ ಪೀಠವೂ ಹೋಯಿತು.

ಈ ಪ್ರಕರಣವನ್ನು ತುಂಬಾ ಜನ ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: "ಕೊನೆಗೆ ಎಲ್ಲರಿಗೂ ರಕ್ಷಣೆ, ಅಂದರೆ ನರಕದಿಂದ ಬಿಡುಗಡೆ, ಸಿಗುತ್ತದೆ ಎಂದು ಕಲಿಸಿದ್ದಕ್ಕೆ ಮಾರಿಸ್ ಅವರನ್ನು ತೆಗೆದುಹಾಕಿದರು." ಅದು ತಪ್ಪು. ಮಾರಿಸ್ ಹಾಗೆ ಕಲಿಸಲೇ ಇಲ್ಲ. ಎಲ್ಲರಿಗೂ ರಕ್ಷಣೆ ಸಿಗುವುದಿಲ್ಲ ಎಂದು ಖಚಿತವಾಗಿ ಹೇಳಿ ಅಂದಾಗ, ಹೇಳಲಾರೆ ಅಂದರು. ಅಷ್ಟೇ. ಈ ಎರಡು ಮಾತುಗಳ ನಡುವೆ ಇರುವ ಅಂತರ ನನಗೆ ಬಹಳ ಮುಖ್ಯ. ಸತ್ತವರನ್ನು ನೆನೆದು ಪ್ರಾರ್ಥಿಸುವ ಯಾವ ವಿಶ್ವಾಸಿಯೂ ಒಂದಲ್ಲ ಒಂದು ದಿನ ಆ ಅಂತರದಲ್ಲೇ ನಿಲ್ಲಬೇಕಾಗುತ್ತದೆ.

ಒಂದೇ ಮನೆ, ಹಲವು ನಂಬಿಕೆ

ಮಾರಿಸ್ ಹುಟ್ಟಿದ್ದು 1805ರಲ್ಲಿ, ಇಂಗ್ಲೆಂಡಿನ ಪೂರ್ವ ಕರಾವಳಿಯ ಲೋಸ್ಟಾಫ್ಟ್ ಹತ್ತಿರ. ತಂದೆ ಯೂನಿಟೇರಿಯನ್ ಸಭೆಯ ಬೋಧಕರು. ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಎಂಬ ತ್ರಿಯೇಕತ್ವವನ್ನು ಒಪ್ಪದವರು, ದೇವರ ಒಳ್ಳೆಯತನದ ಮೇಲೆ ದೊಡ್ಡ ಭರವಸೆ ಇಟ್ಟವರು. ಮಕ್ಕಳು ಬೆಳೆಯುತ್ತಿದ್ದಂತೆ ಮನೆ ಒಡೆಯಿತು. ಜಗಳ ಆಗಿ ಅಲ್ಲ, ನಂಬಿಕೆಯಲ್ಲಿ. ದೊಡ್ಡ ಅಕ್ಕಂದಿರು ಒಬ್ಬೊಬ್ಬರಾಗಿ ತಂದೆಯ ಸಭೆ ಬಿಟ್ಟರು. ಆಮೇಲೆ ತಾಯಿಯೂ ಬಿಟ್ಟರು. ಎದುರಿಗೆ ಕೂತು ಹೇಳಲಾಗದ ಮಾತನ್ನು ಒಂದೇ ಸೂರಿನಡಿ ಇದ್ದುಕೊಂಡು ಪತ್ರ ಬರೆದು ತಿಳಿಸುತ್ತಿದ್ದರು.

ತಾಯಿ ಸೇರಿದ್ದು ಕ್ಯಾಲ್ವಿನ್ ಪಂಥದ ನಂಬಿಕೆಗೆ. ದೇವರು ಕೆಲವರನ್ನು ಮೊದಲೇ ಆರಿಸಿಕೊಂಡಿದ್ದಾನೆ, ರಕ್ಷಣೆ ಅವರಿಗೆ ಮಾತ್ರ ಎನ್ನುವುದು ಅದರ ತಿರುಳು. ಆಕೆ ಅದನ್ನು ಪೂರ್ತಿಯಾಗಿ ನಂಬಿದರು. ಆದರೆ ಆರಿಸಲ್ಪಟ್ಟವರಲ್ಲಿ ತಾನೂ ಒಬ್ಬಳು ಎನ್ನುವ ಭರವಸೆ ಮಾತ್ರ ಆಕೆಗೆ ಸಿಗಲಿಲ್ಲ.

ಇದನ್ನು ಓದಿದಾಗ ನನಗೆ ಮುಂದಕ್ಕೆ ಹೋಗಲು ಆಗಲಿಲ್ಲ. ಎಷ್ಟು ಜನ ರಕ್ಷಣೆ ಪಡೆಯುತ್ತಾರೆ ಅನ್ನುವ ಪ್ರಶ್ನೆಯನ್ನು ನಾವು ಸುಲಭವಾಗಿ ವಾದದ ವಿಷಯ ಮಾಡಿಕೊಳ್ಳುತ್ತೇವೆ. ಆ ಹುಡುಗನಿಗೆ ಅದು ಊಟದ ಮೇಜಿನ ಆಚೆ ಬದಿ ಕೂತಿದ್ದ ಅಮ್ಮನ ಮುಖ. ದೇವರನ್ನು ನಂಬಿದ ಹೆಂಗಸು, ಆ ದೇವರಿಗೆ ತಾನು ಬೇಡ ಎಂದುಕೊಂಡು ದಿನ ಕಳೆಯುತ್ತಿದ್ದರು.

ಮುಂದಿನದ್ದನ್ನು ಬೇಗ ಹೇಳುತ್ತೇನೆ. ಮಾರಿಸ್ ಕೇಂಬ್ರಿಜ್‌ನಲ್ಲಿ ಓದಿದರು. ಪದವಿ ಬೇಕಾದರೆ ಚರ್ಚ್ ಆಫ್ ಇಂಗ್ಲೆಂಡಿನ ವಿಶ್ವಾಸಕ್ಕೆ ಸಹಿ ಹಾಕಬೇಕಿತ್ತು. ಆಗ ಮನಸ್ಸು ಒಪ್ಪಲಿಲ್ಲ, ಪದವಿ ಇಲ್ಲದೆ ಹೊರಬಂದರು. ಆಮೇಲೆ ಸ್ವಂತ ಹುಡುಕಾಟದಿಂದಲೇ 1831ರಲ್ಲಿ ಅದೇ ಚರ್ಚಿನಲ್ಲಿ ದೀಕ್ಷಾಸ್ನಾನ ಪಡೆದರು. 1834ರಲ್ಲಿ ಪಾದ್ರಿಯಾದರು. 1840ರಲ್ಲಿ ಕಿಂಗ್ಸ್ ಕಾಲೇಜಿಗೆ ಸಾಹಿತ್ಯ ಕಲಿಸಲು ಬಂದರು, 1846ರಲ್ಲಿ ದೇವತಾಶಾಸ್ತ್ರದ ಹೊಣೆಯೂ ಬಂತು. ಈ ಕಾಲೇಜನ್ನು 1829ರಲ್ಲಿ ಕಟ್ಟಿದ್ದೇ ಇಂಗ್ಲೆಂಡ್ ಚರ್ಚಿನ ನಂಬಿಕೆಯ ಮೇಲೆ. ಮಾರಿಸ್ ಅವರ ತರಗತಿಯಲ್ಲಿ ಕೂತವರು ನಾಳೆ ಪಾದ್ರಿಗಳಾಗುವ ಹುಡುಗರು. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಂದು ಪದದ ಸುತ್ತ

1849ರಲ್ಲಿ ಕೇಂಬ್ರಿಜ್‌ನ ಒಬ್ಬ ವಿದ್ಯಾರ್ಥಿ ಮಾರಿಸ್ ಅವರಿಗೆ ಪತ್ರ ಬರೆದು ನಿತ್ಯಶಿಕ್ಷೆಯ ಬಗ್ಗೆ ಕೇಳಿದ. ಹೆಸರು ಫೆಂಟನ್ ಹಾರ್ಟ್, ವಯಸ್ಸು 21. ಇದೇ ಹಾರ್ಟ್ ಮುಂದೆ ವೆಸ್ಟ್‌ಕಾಟ್ ಜೊತೆ ಸೇರಿ 1881ರಲ್ಲಿ ಹೊಸ ಒಡಂಬಡಿಕೆಯ ಗ್ರೀಕ್ ಪಠ್ಯವನ್ನು ಹೊರತಂದ ದೊಡ್ಡ ವಿದ್ವಾಂಸ. ಮಾರಿಸ್ ಅವನಿಗೆ ಉದ್ದವಾದ ಉತ್ತರ ಬರೆದರು. ನಾಲ್ಕು ವರ್ಷದ ಮೇಲೆ ಕೆಲಸ ಕಳೆದ ಪ್ರಬಂಧದ ಬೀಜ ಆ ಪತ್ರದಲ್ಲೇ ಇತ್ತು.

1853ರ ಪುಸ್ತಕದ ಹೆಸರು 'ಥಿಯಾಲಾಜಿಕಲ್ ಎಸ್ಸೇಸ್'. ಬರೆದದ್ದು ಯೂನಿಟೇರಿಯನ್ ಓದುಗರಿಗೆ, ಅಂದರೆ ಒಂದು ರೀತಿಯಲ್ಲಿ ಅಪ್ಪನ ಜನರಿಗೆ. ಕೊನೆಯ ಪ್ರಬಂಧ ನಿತ್ಯಜೀವ ಮತ್ತು ನಿತ್ಯಮರಣದ ಬಗ್ಗೆ.

ಬೈಬಲಿನ ಮತ್ತಾಯ 25ರ ಕೊನೆಯ ವಚನ ನೋಡಿ. ಒಂದು ಗುಂಪು ನಿತ್ಯಶಿಕ್ಷೆಗೆ ಹೋಗುತ್ತದೆ, ನೀತಿವಂತರು ನಿತ್ಯಜೀವಕ್ಕೆ ಹೋಗುತ್ತಾರೆ. ಗ್ರೀಕಿನಲ್ಲಿ ಎರಡೂ ಕಡೆ ಇರುವುದು ಒಂದೇ ಪದ, 'ಅಯೋನಿಯೋಸ್'. ಕನ್ನಡದಲ್ಲೂ ಎರಡೂ ಕಡೆ 'ನಿತ್ಯ' ಎಂದೇ ಓದುತ್ತೇವೆ. ಆದರೆ ಮಾರಿಸ್ ಕಾಲದ ಇಂಗ್ಲಿಷ್ ಬೈಬಲಿನಲ್ಲಿ ಶಿಕ್ಷೆಗೆ 'ಎವರ್‌ಲಾಸ್ಟಿಂಗ್' ಎಂದೂ ಜೀವಕ್ಕೆ 'ಎಟರ್ನಲ್' ಎಂದೂ ಬೇರೆ ಬೇರೆ ಪದ ಇತ್ತು. ಮೊದಲನೆಯದು ಕಿವಿಗೆ ಬಿದ್ದ ಕೂಡಲೇ ಮುಗಿಯದ ಕಾಲ ಕಣ್ಣ ಮುಂದೆ ಬರುತ್ತದೆ. ವರ್ಷದ ಮೇಲೆ ವರ್ಷ, ಎಣಿಸಿದಷ್ಟೂ ಮುಗಿಯದ್ದು.

ಗ್ರೀಕಿನ 'ಅಯೋನ್' ಅಂದರೆ ಯುಗ. ಆ ಪದದಿಂದ ಹುಟ್ಟಿದ ಅಯೋನಿಯೋಸ್ ಅಂದರೆ ಯುಗಕ್ಕೆ ಸೇರಿದ್ದು. ಅದು ಯಾವ ಯುಗ, ಎಷ್ಟು ದೀರ್ಘ ಅನ್ನುವುದನ್ನು ಪದ ತಾನಾಗಿ ಹೇಳುವುದಿಲ್ಲ. ಇಲ್ಲಿಂದ ಹೊರಟು, ಈ ಶಿಕ್ಷೆಗೆ ಎಂದೋ ಒಂದು ದಿನ ಕೊನೆ ಇದೆ ಎಂದು ವಾದಿಸಿದವರು ಬಹಳ ಜನ. ಮಾರಿಸ್ ಆ ದಾರಿ ಹಿಡಿಯಲಿಲ್ಲ. ಅವರ ಪ್ರಕಾರ ನಿತ್ಯ ಅನ್ನುವುದು ಕಾಲದ ಅಳತೆಯೇ ಅಲ್ಲ, ಉದ್ದದ್ದೂ ಅಲ್ಲ, ಗಿಡ್ಡದ್ದೂ ಅಲ್ಲ. ಅದು ದೇವರಿಗೆ ಸೇರಿದ ಪದ. ಯೋಹಾನ 17ರಲ್ಲಿ ಯೇಸು ತಾನೇ ಅರ್ಥ ಬಿಡಿಸಿ ಹೇಳಿದ್ದಾನೆ: ಒಬ್ಬನೇ ಸತ್ಯದೇವರನ್ನೂ ಆತ ಕಳುಹಿಸಿದ ಕ್ರಿಸ್ತನನ್ನೂ ತಿಳಿಯುವುದೇ ನಿತ್ಯಜೀವ. ಹಾಗಾದರೆ ದೇವರನ್ನು ಅರಿಯದೆ, ಅವನಿಂದ ದೂರವಾಗಿ, ತನ್ನೊಳಗೇ ಮುಚ್ಚಿಕೊಂಡು ಬದುಕುವುದು ನಿತ್ಯಮರಣ. ಅದು ಸತ್ತ ಮೇಲೆ ಶುರುವಾಗಬೇಕಿಲ್ಲ. ಇವತ್ತೇ ಇರಬಹುದು.

ಇದರಿಂದ ರಕ್ಷಣೆಯ ಅರ್ಥವೂ ಬದಲಾಗುತ್ತದೆ. ಮಾರಿಸ್‌ಗೆ ರಕ್ಷಣೆ ಅಂದರೆ ಪಾಪದಿಂದ ಬಿಡುಗಡೆ. ಪಾಪ ಹಾಗೇ ಇರಲಿ, ಶಿಕ್ಷೆ ಮಾತ್ರ ತಪ್ಪಲಿ ಅನ್ನುವ ಆಸೆಗೆ ಅವರು ಆ ಹೆಸರು ಕೊಡುತ್ತಿರಲಿಲ್ಲ. ದೇವರಿಲ್ಲದ ಮನಸ್ಸೇ ನರಕ. ಅಂಥ ಮನಸ್ಸನ್ನು ಸ್ವರ್ಗದಲ್ಲಿ ತಂದು ಕೂರಿಸಿದರೂ ಅದು ನರಕದಲ್ಲೇ ಇರುತ್ತದೆ, ಅಲ್ವಾ?

ಕೊನೆಗೆ ಎಲ್ಲರೂ ಬದುಕುತ್ತಾರೋ ಇಲ್ಲವೋ? ಪ್ರಬಂಧದ ಕೊನೆಯಲ್ಲಿ ಮಾರಿಸ್ ಕೊಟ್ಟ ಉತ್ತರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ದೇವರ ಪ್ರೀತಿಯನ್ನು ಮನುಷ್ಯನ ಮನಸ್ಸು ಎಷ್ಟರ ಮಟ್ಟಿಗೆ ತಡೆದು ನಿಲ್ಲಬಲ್ಲದು ಎಂದು ಹೇಳುವ ಧೈರ್ಯ ನನಗಿಲ್ಲ. ಬೇರೆಯವರಿಗಿಂತ ಜಾಸ್ತಿ ನನ್ನನ್ನೇ ನೋಡಿಕೊಂಡಾಗ, ಆ ತಡೆಗೆ ಮಿತಿಯೇ ಇಲ್ಲವೇನೋ ಅನ್ನಿಸುವುದುಂಟು. ಆದರೆ ಮಿತಿ ಇರಲಾರದ್ದು ಇನ್ನೊಂದಿದೆ. ಸಾವಿನ ಆಳಕ್ಕಿಂತ ಪ್ರೀತಿಯ ಆಳ ದೊಡ್ಡದು ಎಂದು ನಾನು ನಂಬಲೇಬೇಕು. ಅದಕ್ಕಿಂತ ಜಾಸ್ತಿ ನನಗೆ ಗೊತ್ತಿಲ್ಲ.

ಇದು ಹಳೆಯ ಪ್ರಶ್ನೆ

ಮೂರನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಕ್ರೈಸ್ತ ವಿದ್ವಾಂಸ ಓರಿಗನ್, ಕೊನೆಗೆ ಎಲ್ಲವೂ ದೇವರಲ್ಲಿ ಮೊದಲಿನಂತೆ ಸರಿಯಾಗುತ್ತದೆ ಎಂಬ ವಿಚಾರವನ್ನು ಮುಂದಿಟ್ಟರು. ಗ್ರೀಕಿನಲ್ಲಿ ಅದಕ್ಕೆ 'ಅಪೊಕಟಾಸ್ಟಾಸಿಸ್' ಅನ್ನುತ್ತಾರೆ. ಅವರು ತೀರಿಕೊಂಡು ಸುಮಾರು 300 ವರ್ಷದ ಮೇಲೆ, ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ, ಓರಿಗನ್ ಹೆಸರಿನ ಬೋಧನೆಗಳಿಗೆ ಖಂಡನೆ ಬಂತು. ಆದರೆ ನಾಲ್ಕನೇ ಶತಮಾನದ ನಿಸ್ಸಾದ ಗ್ರೆಗೊರಿ ಅದೇ ನಿರೀಕ್ಷೆಯನ್ನು ಬರೆದೂ ಸಂತರಾಗಿಯೇ ಉಳಿದರು.

ಎದುರು ಬದಿಯಲ್ಲಿ ಹಳೆಯ ಚರ್ಚಿನ ದೊಡ್ಡ ಗುರು ಆಗಸ್ಟೀನ್ ಇದ್ದಾರೆ. ಅವರ ವಾದ ಚಿಕ್ಕದು, ಗಟ್ಟಿಯಾದದ್ದು. ಒಂದೇ ವಚನದಲ್ಲಿ ಒಂದೇ ಪದ ಎರಡು ಸಲ ಬಂದಿದೆ. ಶಿಕ್ಷೆಗೆ ಕೊನೆ ಇದೆ ಅಂದರೆ ಜೀವಕ್ಕೂ ಕೊನೆ ಇದೆ ಅನ್ನಬೇಕಾಗುತ್ತದೆ.

ವಚನಗಳು ಎರಡೂ ಕಡೆ ಇವೆ. ಆದಾಮನಲ್ಲಿ ಎಲ್ಲರೂ ಸತ್ತಂತೆ ಕ್ರಿಸ್ತನಲ್ಲಿ ಎಲ್ಲರೂ ಜೀವ ಪಡೆಯುವರು ಎಂದು ಪೌಲ ಕೊರಿಂಥದವರಿಗೆ ಬರೆಯುತ್ತಾನೆ. ಎಲ್ಲ ಮನುಷ್ಯರು ರಕ್ಷಣೆ ಹೊಂದಬೇಕೆಂಬುದು ದೇವರ ಇಷ್ಟ ಎಂದು ತಿಮೊಥೆಯನ ಮೊದಲ ಪತ್ರದಲ್ಲಿದೆ. ಹಾಗೆಯೇ ಆರದ ಬೆಂಕಿಯ ಮಾತನ್ನು ಯೇಸು ತಾನೇ ಆಡಿದ್ದಾನೆ. ಐಶ್ವರ್ಯವಂತ ಮತ್ತು ಲಾಜರನ ಕಥೆಯಲ್ಲಿ ದಾಟಲಾಗದ ದೊಡ್ಡ ಕಂದರ ಇದೆ. ಪ್ರಕಟನೆಯಲ್ಲಿ ಬೆಂಕಿಯ ಕೆರೆ ಇದೆ. ಒಂದು ಕಡೆಯ ವಚನಗಳನ್ನು ಮಾತ್ರ ಓದಿ ಇನ್ನೊಂದನ್ನು ಸುಮ್ನೆ ದಾಟಿಸಿಬಿಡುವವರನ್ನು ನಾನು ನಂಬುವುದಿಲ್ಲ, ಅವರು ಯಾವ ಕಡೆಯವರೇ ಆಗಿರಲಿ.

ಆರೋಪ ಏನು?

ಕಾಲೇಜಿನ ಪ್ರಾಂಶುಪಾಲ ರಿಚರ್ಡ್ ಜೆಲ್ಫ್ ಕೆಟ್ಟ ಮನುಷ್ಯರಲ್ಲ. ಮಾರಿಸ್ ಜೊತೆ ತಿಂಗಳುಗಟ್ಟಲೆ ಪತ್ರ ವ್ಯವಹಾರ ಮಾಡಿದರು. ಅವರ ಚಿಂತೆ ನಿಜವಾದದ್ದು. ಪಾದ್ರಿಯಾಗಲು ಹೊರಟ ಹುಡುಗರ ಮನಸ್ಸಿನಲ್ಲಿ ಶಿಕ್ಷೆಯ ಬಗ್ಗೆ ಸಂಶಯ ಬಿತ್ತಿದರೆ, ನಾಳೆ ಅವರು ಜನರಿಗೆ ಏನು ಹೇಳುತ್ತಾರೆ? ಕೊನೆಗೆ ಹೇಗೂ ಎಲ್ಲ ಸರಿಹೋಗುತ್ತದೆ ಅಂದುಕೊಂಡವನು ಇವತ್ತು ಯಾಕೆ ಪಶ್ಚಾತ್ತಾಪ ಪಡುತ್ತಾನೆ? ಈ ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಒಬ್ಬ ಬೋಧಕ ತನ್ನ ಜನರಿಗೆ ಸುಳ್ಳು ಧೈರ್ಯ ಕೊಟ್ಟರೆ ಅದಕ್ಕೆ ಲೆಕ್ಕ ಕೊಡಬೇಕಾದವನು ಅವನೇ.

ಸಂಶಯಕ್ಕೆ ಇನ್ನೊಂದು ಹಿನ್ನೆಲೆಯೂ ಇತ್ತು. ಮಾರಿಸ್ 1848ರಿಂದ ಕ್ರೈಸ್ತ ಸಮಾಜವಾದದ ಚಳವಳಿಯಲ್ಲಿದ್ದರು, ಕೂಲಿಕಾರರ ಪರ ನಿಂತಿದ್ದರು. ಅದರ ಬಗ್ಗೆ ಕಾಲೇಜು ಆಗಲೇ ಒಮ್ಮೆ ವಿಚಾರಣೆ ಮಾಡಿ ಬಿಟ್ಟಿತ್ತು.

ಮಾರಿಸ್ ಮಂಡಳಿಗೆ ಒಂದೇ ಪ್ರಶ್ನೆ ಹಾಕಿದರು: ನಾನು ಚರ್ಚಿನ ಯಾವ ವಿಶ್ವಾಸಸೂತ್ರಕ್ಕೆ ವಿರುದ್ಧ ಹೋಗಿದ್ದೇನೆ, ತೋರಿಸಿ.

ಇಲ್ಲಿ ಪ್ರಕರಣದ ಅತಿ ಮುಖ್ಯವಾದ ಸಂಗತಿ ಬರುತ್ತದೆ. ಇಂಗ್ಲೆಂಡ್ ಚರ್ಚು 1553ರಲ್ಲಿ 42 ಸೂತ್ರಗಳನ್ನು ಹೊರಡಿಸಿತ್ತು. ಅದರಲ್ಲಿ ಕೊನೆಯದು, 42ನೆಯದು, ಎಲ್ಲ ಮನುಷ್ಯರಿಗೂ ಕಟ್ಟಕಡೆಗೆ ರಕ್ಷಣೆ ಸಿಗುತ್ತದೆ ಎಂಬ ಮಾತನ್ನು ನೇರವಾಗಿ ಖಂಡಿಸುತ್ತಿತ್ತು. 1563ರಲ್ಲಿ ಸೂತ್ರಗಳನ್ನು ತಿದ್ದಿದಾಗ ಅದನ್ನು ಕೈಬಿಟ್ಟರು. ಕೊನೆಗೆ ಉಳಿದ 39 ಸೂತ್ರಗಳಲ್ಲಿ ಅದು ಇಲ್ಲ. ಪ್ರತಿಯೊಬ್ಬ ಪಾದ್ರಿಯೂ ಸಹಿ ಹಾಕುತ್ತಿದ್ದುದು ಈ 39ಕ್ಕೆ. ಹಿರಿಯರು ಬರೆದು, ಯೋಚಿಸಿ, ತೆಗೆದುಹಾಕಿದ ಸಾಲನ್ನು ಈಗ ನನ್ನ ಮೇಲೆ ಹೊರಿಸುತ್ತೀರಾ ಎಂದು ಮಾರಿಸ್ ಕೇಳಿದ್ದು ಸರಿಯಾಗಿಯೇ ಇತ್ತು.

ವಿರೋಧಿಗಳ ಕೈಯಲ್ಲಿ ಏನೂ ಇರಲಿಲ್ಲ ಅಂತಲ್ಲ. ಪ್ರಾರ್ಥನಾ ಪುಸ್ತಕದಲ್ಲಿದ್ದ ಅಥನೇಸಿಯನ್ ವಿಶ್ವಾಸಪ್ರಮಾಣ, ಕೆಟ್ಟದ್ದು ಮಾಡಿದವರು ನಿತ್ಯವಾದ ಬೆಂಕಿಗೆ ಹೋಗುತ್ತಾರೆ ಎನ್ನುತ್ತದೆ. ಆದರೆ ಅಲ್ಲೂ ಪ್ರಶ್ನೆ ಮತ್ತೆ ಅದೇ ಪದಕ್ಕೆ ಬಂದು ನಿಲ್ಲುತ್ತದೆ. ಇನ್ನು ಅದೇ ಪುಸ್ತಕದ ಲಿಟನಿ ಪ್ರಾರ್ಥನೆಯಲ್ಲಿ, ಎಲ್ಲ ಮನುಷ್ಯರ ಮೇಲೂ ಕರುಣೆ ಇಡು ಎಂಬ ಬೇಡಿಕೆ ಇದೆ. ಸಭೆಯಲ್ಲಿ ಮೊಣಕಾಲೂರಿ ಬೇಡುವುದನ್ನು ಮನಸ್ಸಿನಲ್ಲಿ ನಿರೀಕ್ಷಿಸಬಾರದು ಅಂದರೆ ಹೇಗೆ? ಆಗುವುದೇ ಇಲ್ಲ ಎಂದು ಗೊತ್ತಿದ್ದೂ ಬೇಡುವುದು ಪ್ರಾರ್ಥನೆಯೇ ಅಲ್ಲ.

ಮಂಡಳಿಯಲ್ಲಿದ್ದ ವಿಲಿಯಂ ಗ್ಲ್ಯಾಡ್‌ಸ್ಟನ್ ಒಂದು ತಿದ್ದುಪಡಿ ತಂದರು. ಮುಂದೆ ಪ್ರಧಾನಿಯಾದ ಅದೇ ಗ್ಲ್ಯಾಡ್‌ಸ್ಟನ್. ಅವರು ಮಾರಿಸ್ ಅವರ ಅನುಯಾಯಿಯಲ್ಲ. ಬಲ್ಲ ದೇವತಾಶಾಸ್ತ್ರಜ್ಞರಿಗೆ ಪುಸ್ತಕ ಕೊಟ್ಟು ಮೊದಲು ಪರೀಕ್ಷೆ ಮಾಡಿಸೋಣ ಎಂದರು. ತಿದ್ದುಪಡಿ ಬಿದ್ದುಹೋಯಿತು. ನಿರ್ಣಯ ಪಾಸಾಯಿತು: ದುಷ್ಟರ ಮುಂದಿನ ಶಿಕ್ಷೆಯ ಬಗ್ಗೆ ಪ್ರಾಧ್ಯಾಪಕರ ಅಭಿಪ್ರಾಯಗಳು ಅಪಾಯದ ಕಡೆಗೆ ಒಯ್ಯುವಂಥವು, ದೇವತಾಶಾಸ್ತ್ರದ ವಿದ್ಯಾರ್ಥಿಗಳ ಮನಸ್ಸನ್ನು ಕದಡುವಂಥವು. ಯಾವ ಸೂತ್ರ ಮುರಿದರು ಎಂಬ ಪ್ರಶ್ನೆಗೆ ಆ ನಿರ್ಣಯದಲ್ಲಿ ಉತ್ತರ ಇಲ್ಲ.

ಈ ತೀರ್ಪು ಅನ್ಯಾಯ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಒಂದು ಚರ್ಚಿಗೆ ತನ್ನ ಬೋಧಕರ ಬೋಧನೆಯನ್ನು ಪರೀಕ್ಷಿಸುವ ಹಕ್ಕಿದೆ. ಆದರೆ ತಪ್ಪು ಯಾವುದು ಎಂದು ಹೇಳದೆ, ಯಾವ ಕಡೆಗೆ ಒಯ್ಯುತ್ತದೆ ಎಂಬ ಅಂದಾಜಿನ ಮೇಲೆ ಒಬ್ಬರ ಹೆಸರು ಕೆಡಿಸುವ ಹಕ್ಕು ಯಾರಿಗೂ ಇಲ್ಲ.

ನಾನು ಮಾರಿಸ್ ಅವರನ್ನು ಎಲ್ಲಿ ಒಪ್ಪುವುದಿಲ್ಲ

ಮಾರಿಸ್ ಅವರ ಬರಹ ಕಷ್ಟ. ಒಂದು ವಾಕ್ಯದಲ್ಲಿ ಒಪ್ಪಿದ್ದನ್ನು ಮುಂದಿನ ವಾಕ್ಯದಲ್ಲಿ ಇನ್ನೊಂದು ಕಡೆಯಿಂದ ನೋಡುತ್ತಾರೆ. ಸ್ನೇಹಿತರೇ ಗೊಂದಲಕ್ಕೆ ಬೀಳುತ್ತಿದ್ದರು. ಇಷ್ಟು ಸೂಕ್ಷ್ಮವಾದ ಮಾತನ್ನು ಇನ್ನಷ್ಟು ನೇರವಾಗಿ ಹೇಳುವ ಹೊಣೆ ಅವರ ಮೇಲಿತ್ತು.

ದೊಡ್ಡ ತಕರಾರು ಬೇರೆ. ನಿತ್ಯ ಅನ್ನುವುದಕ್ಕೂ ಕಾಲಕ್ಕೂ ಸಂಬಂಧವೇ ಇಲ್ಲ ಅನ್ನುವುದು ಜಾಸ್ತಿಯಾಯಿತು. ಮತ್ತಾಯ 25ನ್ನು ಮೊದಲು ಕೇಳಿದ ಮೀನುಗಾರರ, ರೈತರ ಕಿವಿಯಲ್ಲಿ ಅದು ಬರುವ ಯುಗದ ಮಾತಾಗಿಯೇ ಕೇಳಿಸಿರಬೇಕು. ಅದು ಬರೀ ಒಳಗಿನ ಸ್ಥಿತಿಯಲ್ಲ, ಆ ದಿನ ತೀರ್ಪು ಬರುತ್ತದೆ, ಗುಂಪು ಬೇರೆಯಾಗುತ್ತದೆ. ಹಸಿದವನಿಗೆ ಊಟ ಕೊಡದವನಿಗೆ ಹೇಳಿದ ಆ ಎಚ್ಚರಿಕೆಯ ಬಿಸಿಯನ್ನು ನಾವು ಆರಿಸಬಾರದು. ಆಗಸ್ಟೀನರ ವಾದಕ್ಕೆ ಮಾರಿಸ್ ಬಳಿ ಪೂರ್ತಿ ಉತ್ತರ ಇತ್ತು ಎಂದು ನನಗೆ ಅನ್ನಿಸುವುದಿಲ್ಲ.

ಆದರೂ ಅವರು ನಿಂತ ಜಾಗ ಸರಿ ಎಂದೇ ನನ್ನ ನಂಬಿಕೆ. ಅಮೆರಿಕದ ಯೂನಿವರ್ಸಲಿಸ್ಟ್ ಸಭೆಯವರು 1803ರಲ್ಲಿ ವಿಂಚೆಸ್ಟರ್‌ನಲ್ಲಿ ಸೇರಿ, ದೇವರು ಕೊನೆಗೆ ಮನುಷ್ಯಕುಲವನ್ನೆಲ್ಲ ಪವಿತ್ರತೆಗೂ ಸಂತೋಷಕ್ಕೂ ಮರಳಿ ತರುತ್ತಾನೆ ಎಂದು ಘೋಷಿಸಿದ್ದರು. ಅದು ಖಚಿತವಾದ ಸಿದ್ಧಾಂತ. ಮಾರಿಸ್ ಅದನ್ನು ಹೇಳಲಿಲ್ಲ, ಯಾಕೆಂದರೆ ಮನುಷ್ಯ ಕೊನೆಯವರೆಗೂ ಬೇಡ ಅನ್ನಬಹುದು ಎಂಬ ಭಯ ಅವರಿಗಿತ್ತು. ಆ ಭಯವನ್ನು ಅವರು ಪಕ್ಕದ ಮನೆಯವನ ಬಗ್ಗೆ ಪಡಲಿಲ್ಲ. ತನ್ನ ಬಗ್ಗೆ ಪಟ್ಟರು. ಇಪ್ಪತ್ತನೇ ಶತಮಾನದಲ್ಲಿ ಸ್ವಿಟ್ಜರ್ಲೆಂಡಿನ ಕಥೋಲಿಕ ವಿದ್ವಾಂಸ ಹಾನ್ಸ್ ಉರ್ಸ್ ಫಾನ್ ಬಾಲ್ತಸಾರ್ ಕೂಡ ಇದೇ ಗೆರೆ ಎಳೆದರು: ಎಲ್ಲರಿಗಾಗಿ ನಿರೀಕ್ಷಿಸಬಹುದು, ಗೊತ್ತಿದೆ ಅನ್ನಬಾರದು.

ಜೆಲ್ಫ್ ಅವರ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಎಲ್ಲ ಸರಿಹೋಗುತ್ತದೆ ಎಂದು ತಿಳಿದವನು ಸುಮ್ಮನೆ ಕೂರಬಹುದು. ನಿರೀಕ್ಷಿಸುವವನು ಕೂರಲಾರ. ಅವನು ಪ್ರಾರ್ಥಿಸುತ್ತಾನೆ, ಹೋಗಿ ಕರೆಯುತ್ತಾನೆ, ತಾನು ಮೊದಲು ತಿರುಗುತ್ತಾನೆ.

ಆಮೇಲೆ

ಲಂಡನ್ನಿನ ವಕೀಲರ ಸಂಘವಾದ ಲಿಂಕನ್ಸ್ ಇನ್‌ನವರು ತಮ್ಮ ಚಾಪ್ಲಿನ್, ಅಂದರೆ ಸಂಘದ ಪಾದ್ರಿ, ಆಗಿದ್ದ ಮಾರಿಸ್ ಅವರನ್ನು ಬಿಡಲಿಲ್ಲ. ಕವಿ ಟೆನಿಸನ್ ತನ್ನ ಮನೆಗೆ ಕರೆದು ಒಂದು ಪದ್ಯವನ್ನೇ ಬರೆದರು. 1854ರಲ್ಲಿ ಮಾರಿಸ್ ಲಂಡನ್ನಿನಲ್ಲಿ ದುಡಿಯುವವರಿಗಾಗಿ ವರ್ಕಿಂಗ್ ಮೆನ್ಸ್ ಕಾಲೇಜು ಶುರು ಮಾಡಿ ಅದರ ಮೊದಲ ಪ್ರಾಂಶುಪಾಲರಾದರು. 1866ರಲ್ಲಿ, ಹಿಂದೆ ಪದವಿ ತೆಗೆದುಕೊಳ್ಳದೆ ಹೊರಬಂದ ಕೇಂಬ್ರಿಜ್‌ಗೇ ಪ್ರಾಧ್ಯಾಪಕರಾಗಿ ಹೋದರು.

ಪ್ರಶ್ನೆ ಕಾನೂನಿನ ಮೆಟ್ಟಿಲೂ ಹತ್ತಿತು. ಹೆನ್ರಿ ವಿಲ್ಸನ್ ಎಂಬ ಪಾದ್ರಿ 1860ರಲ್ಲಿ, ಸತ್ತ ಮೇಲೂ ದೇವರ ಕರುಣೆ ಎಲ್ಲರನ್ನೂ ತಲುಪಬಹುದು ಎಂಬ ನಿರೀಕ್ಷೆಯನ್ನು ಬರೆದರು. ಚರ್ಚಿನ ನ್ಯಾಯಾಲಯ ಅವರನ್ನು ಒಂದು ವರ್ಷ ಅಮಾನತು ಮಾಡಿತು. 1864ರ ಫೆಬ್ರವರಿಯಲ್ಲಿ, ಮೇಲ್ಮನವಿ ಕೇಳುತ್ತಿದ್ದ ಪ್ರಿವಿ ಕೌನ್ಸಿಲ್ ಆ ತೀರ್ಪನ್ನು ರದ್ದು ಮಾಡಿತು. ಕೆಟ್ಟವರಿಗೂ ಕಟ್ಟಕಡೆಗೆ ಕ್ಷಮೆ ಸಿಗಲಿ ಎಂದು ಒಬ್ಬ ಪಾದ್ರಿ ಆಶಿಸುವುದನ್ನು ಶಿಕ್ಷಿಸುವಂಥ ಮಾತು ಚರ್ಚಿನ ಅಧಿಕೃತ ಬರಹಗಳಲ್ಲಿ ಇಲ್ಲ ಎಂದಿತು. ಮಾರಿಸ್ 11 ವರ್ಷ ಹಿಂದೆ ಹೇಳಿದ್ದೂ ಇದನ್ನೇ. ತೀರ್ಪನ್ನು ವಿರೋಧಿಸಿ, ಶಿಕ್ಷೆ ಮುಗಿಯದ್ದೇ ಎಂದು ಸಾರುವ ಹೇಳಿಕೆಗೆ ಸುಮಾರು 11,000 ಪಾದ್ರಿಗಳು ಸಹಿ ಹಾಕಿದರು.

ಆ ವಿರೋಧದ ಮುಂಚೂಣಿಯಲ್ಲಿದ್ದವರು ಆಕ್ಸ್‌ಫರ್ಡಿನ ಎಡ್ವರ್ಡ್ ಪ್ಯೂಸಿ. ಅವರೇ 1880ರಲ್ಲಿ ಈ ವಿಷಯದ ಮೇಲೆ ಪುಸ್ತಕ ಬರೆದಾಗ, ನಿತ್ಯಶಿಕ್ಷೆಯನ್ನು ಬಿಟ್ಟುಕೊಡಲಿಲ್ಲ. ಆದರೆ ಹೆಚ್ಚಿನ ಜನ ನಾಶವಾಗುತ್ತಾರೆ ಎಂದು ನಂಬಬೇಕಾದ ಕಾರಣ ಇಲ್ಲ ಎಂದರು. ಪ್ರಾಣ ಹೋಗುವ ಆ ಗಳಿಗೆಯಲ್ಲಿ ಒಂದು ಆತ್ಮಕ್ಕೂ ದೇವರಿಗೂ ನಡುವೆ ಏನು ನಡೆಯಿತು ಎಂದು ಹೊರಗೆ ನಿಂತ ನಮಗೆ ತಿಳಿಯದು. ಕಟ್ಟುನಿಟ್ಟಿನವರ ಬಾಯಿಂದ ಬಂದ ಈ ಮಾತು ನನಗೆ ತುಂಬಾ ಸಮಾಧಾನ ಕೊಟ್ಟಿದೆ.

ಮಾರಿಸ್ ಅದನ್ನು ನೋಡಲು ಇರಲಿಲ್ಲ. ಅವರು 1872ರ ಏಪ್ರಿಲ್ 1ರಂದು ತೀರಿಕೊಂಡರು. ಇಂಗ್ಲೆಂಡ್ ಚರ್ಚು ಈಗ ಪ್ರತಿ ವರ್ಷ ಅದೇ ದಿನ ಅವರನ್ನು ನೆನೆಯುತ್ತದೆ. ಅವರನ್ನು ಹೊರಗೆ ಹಾಕಿದ ಕಿಂಗ್ಸ್ ಕಾಲೇಜಿನಲ್ಲಿ ಮುಂದೆ ಅವರ ಹೆಸರಿನದೇ ಪ್ರಾಧ್ಯಾಪಕ ಪೀಠ ಬಂತು.

ಕೊನೆಯ ಗಳಿಗೆಯಲ್ಲಿ ಮಾತು ತಡವರಿಸುತ್ತಿತ್ತು. ಆದರೂ ಪ್ರಯಾಸಪಟ್ಟು, ಆರಾಧನೆಯ ಕೊನೆಗೆ ಪಾದ್ರಿ ಸಭೆಗೆ ಕೊಡುವ ಆಶೀರ್ವಾದವನ್ನು ಹೇಳಲು ಶುರು ಮಾಡಿದರು. ದೇವರ ಪ್ರೀತಿಯ ಅರಿವು, ತಂದೆ, ಮಗ, ಪವಿತ್ರಾತ್ಮನಾದ ದೇವರ ಆಶೀರ್ವಾದ ನಿಮ್ಮೊಂದಿಗೆ ಇರಲಿ ಅಂದರು. ಅಲ್ಲಿಗೆ ತಡೆದು ತಿದ್ದಿಕೊಂಡರು: ನಮ್ಮೊಂದಿಗೆ ಇರಲಿ, ಎಂದೆಂದಿಗೂ ನಮ್ಮೊಂದಿಗೆ ಉಳಿಯಲಿ. ಅದಾದ ಮೇಲೆ ಅವರು ಮಾತಾಡಲಿಲ್ಲ.